ಅಂಗಿಯ ತೋಳಿಗೆ ಸಿಕ್ಕಿ ಸರಿದ ಇಬ್ಬರು ಸೈನಿಕರು

ಪ್ರಶ್ನೆ: ನಾನು ಬದಿಯಡ್ಕ ಸಮೀಪದವನು, ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತ. ಶಾರ್ಜಾದಲ್ಲಿರುವ ಭಾವ ರಜೆಗೆ ಬಂದಾಗ ‘ವಾರ್‌ಹ್ಯಾಮರ್ 40,000’ ಎಂಬ, ಗೊಂಬೆ ಸೈನಿಕರನ್ನು ಇಂಚು ಅಳೆದು ಮೇಜಿನ ಮೇಲೆ ನಡೆಸುವ ಯುದ್ಧದಾಟದ ಪೆಟ್ಟಿಗೆ ತಂದುಕೊಟ್ಟರು. ಅಂದಿನಿಂದ ನಾವು ನಾಲ್ಕೈದು ಮಂದಿ ಆದಿತ್ಯವಾರ ಮಧ್ಯಾಹ್ನ ನಮ್ಮ ಮನೆಯ ಮಹಡಿಯಲ್ಲಿ ಸೇರಿ ಆಡುತ್ತೇವೆ. ಜುಲೈ ತಿಂಗಳ ಒಂದು ಆಟದಲ್ಲಿ, ಎಡಮೂಲೆಯ ಇನ್ನೊಂದು ದಳದ ದೂರ ಅಳೆಯಲು ಕೈ ಚಾಚಿದಾಗ ನನ್ನ ಅಂಗಿಯ ತೋಳು ಮುಂದಿನ ಸಾಲಿನ ಸೈನಿಕನ ಕತ್ತಿಗೆ ಸಿಕ್ಕಿತು. ಇಬ್ಬರು ಮುಂದಕ್ಕೆ ಸರಿದರು, ಅವರಲ್ಲೊಬ್ಬ ಮಗುಚಿ ಬಿದ್ದ. ಆ ದಳ ಹಿಂದಿನ ಸರದಿಯಲ್ಲಿ ಮುರುಕು ಗೋಡೆಗೆ ಬೆನ್ನು ತಾಗಿಸಿ ನಿಂತಿತ್ತು. ಈ ಸರದಿಯಲ್ಲಿ ಪೂರ್ತಿ 6 ಇಂಚು ನೇರ ಮುಂದೆ ತಂದಿದ್ದೆ. ಸರಿದ ಇಬ್ಬರನ್ನೂ ಮೊದಲು ಇದ್ದಲ್ಲೇ ಇಟ್ಟೆ. ಗೆಳೆಯ, ‘ಸ್ವಲ್ಪ ಮುಂದಾಯಿತೋ ಏನೋ’ ಎಂದ. ‘ಇಲ್ಲ ಮಾರಾಯ, ಇಲ್ಲೇ ಇದ್ದದ್ದು’ ಎಂದು ದಾಳ ಎಸೆದೆ. ಶತ್ರುವಿನ ಮೇಲೆ ನುಗ್ಗಲು, ನಡುವಿನ ದೂರಕ್ಕೆ ತಕ್ಕಂತೆ, ಎರಡು ದಾಳ ಸೇರಿ ಕನಿಷ್ಠ 8 ಬೇಕಿತ್ತು, 8 ಬಿತ್ತು. ಆಗ ಅವನ ದನಿ ಏರಿತು: ಅರ್ಧ ಇಂಚು ಮುಂದೆ ಇಟ್ಟಿದ್ದೀ, ನಿನಗೆ 9 ಬೇಕಿತ್ತು ಎಂದ. ಪಕ್ಕದಲ್ಲಿ ನೋಡುತ್ತಿದ್ದ ನನ್ನ ಹತ್ತು ವರ್ಷದ ಮಗನನ್ನು ಕೇಳಿದೆವು. ಅವನು ನಾನು ಇಟ್ಟ ಜಾಗವನ್ನೇ ತೋರಿಸಿದ. ಆಟ ನಾನು ಗೆದ್ದೆ. ಗೆಳೆಯ ಚಹಾ ಕೂಡ ಕುಡಿಯದೆ ಪೆಟ್ಟಿಗೆ ಕಟ್ಟಿಕೊಂಡು ಹೋದವನು ಮತ್ತೆ ಬಂದಿಲ್ಲ. ಚೆಸ್‌ನಲ್ಲಿ ಇದ್ದಂತೆ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು ಎನ್ನುತ್ತಾರೆ ಭಾವ. ಬಿದ್ದದ್ದು ಬಿದ್ದಲ್ಲೇ ಇರಬೇಕು ಎನ್ನುತ್ತಾನೆ ಇನ್ನೊಬ್ಬ. ನಾನು ಮಾಡಿದ್ದು ಮೋಸವೇ? ಗೆಲುವನ್ನು ಬಿಟ್ಟುಕೊಡಬೇಕೇ? ದೀಪಾವಳಿ ಹೊತ್ತಿಗೆ ಊರಿನ ಯುವಕ ಮಂಡಲದಲ್ಲಿ ಎಂಟು ಮಂದಿಯ ಸಣ್ಣ ಸ್ಪರ್ಧೆ ಇಡುವ ಯೋಚನೆಯಿದೆ. ಅಲ್ಲಿ ಹೀಗಾದರೆ ಏನು ಮಾಡುವುದು?

ಉತ್ತರ: ನೀವು ಬರೆದಂತೆಯೇ ನಡೆದಿದ್ದರೆ ಅದು ಮೋಸವಲ್ಲ. ಹಾಗೆಂದು ನಿಮ್ಮ ಗೆಳೆಯರ ಸಿಟ್ಟಿಗೆ ಕಾರಣವಿಲ್ಲ ಎಂದೂ ಹೇಳಲಾರೆ. ಅಂಗಿಯ ತೋಳು ಯಾರದ್ದಾದರೂ ತಾಗುತ್ತದೆ. ಅವರು ‘ಮುಂದಾಯಿತೋ ಏನೋ’ ಎಂದದ್ದಕ್ಕೂ ನೀವು ದಾಳ ಎಸೆದದ್ದಕ್ಕೂ ನಡುವೆ ಇದ್ದ ಒಂದೆರಡು ಕ್ಷಣಗಳಲ್ಲಿ ಕೆಲಸ ಕೆಟ್ಟಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಮಹಡಿಯಲ್ಲಿ ಓಡಾಡುತ್ತಿರುವ ಎರಡು ತಪ್ಪು ತಿಳಿವಳಿಕೆಗಳನ್ನು ವಿಲೇವಾರಿ ಮಾಡೋಣ.

ಭಾವನವರ ಮಾತು ಚೆಸ್‌ನ ಅರ್ಧ ನಿಯಮ. ನಾನು ಚೆಸ್ ಸ್ಪರ್ಧೆಗಳಲ್ಲಿ ಆರ್ಬಿಟರ್, ಎಂದರೆ ತೀರ್ಪುಗಾರ, ಆಗಿದ್ದು, ಈಚೆಗೆ ಬೆಂಗಳೂರಿನಲ್ಲಿ ಗೊಂಬೆ ಯುದ್ಧದಾಟಗಳಿಗೂ ತೀರ್ಪುಗಾರನಾಗಿ ಹೋಗುವವನು. ಈ ಅರ್ಧ ನಿಯಮ ಎರಡೂ ಕಡೆ ನನ್ನನ್ನು ಕಾಡುತ್ತದೆ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮಾವಳಿಯ 4ನೇ ವಿಧಿ ಹೇಳುವುದು ನಡೆಸುವ ಅಥವಾ ಹೊಡೆಯುವ ಉದ್ದೇಶದಿಂದ ಮುಟ್ಟಿದ ಕಾಯಿಯ ಬಗ್ಗೆ. ಸ್ಪಷ್ಟವಾಗಿ ಅಕಸ್ಮಾತ್ ತಗುಲಿದ್ದನ್ನು ಅದೇ ವಿಧಿ ಹೊರಗಿಡುತ್ತದೆ. ರಾಣಿಯನ್ನು ಎತ್ತಲು ಹೋದವನ ಮೊಣಕೈ ತಾಗಿ ಆನೆ ಉರುಳಿದರೆ ಆನೆಯನ್ನು ನಡೆಸಬೇಕಿಲ್ಲ. ಅದಕ್ಕೆ ಬೇರೆಯೇ ವಿಧಿಯಿದೆ, 7.4: ಕಾಯಿಗಳನ್ನು ಸ್ಥಾನಪಲ್ಲಟ ಮಾಡಿದವನು ತನ್ನ ಗಡಿಯಾರದ ಸಮಯದಲ್ಲೇ ಅವನ್ನು ಸರಿಯಾದ ಜಾಗಕ್ಕೆ ಇಡಬೇಕು, ಬೇಕಾದರೆ ಗಡಿಯಾರ ನಿಲ್ಲಿಸಿ ಆರ್ಬಿಟರ್‌ನನ್ನು ಕರೆಯಬಹುದು, ಆರ್ಬಿಟರ್ ದಂಡವನ್ನೂ ಹಾಕಬಹುದು. ತನ್ನ ಸಮಯದಲ್ಲಿ ಎಂಬ ಮಾತನ್ನು ಗಮನಿಸಿ. ಕೈ ತಗುಲಿದ್ದು ಅಪರಾಧವಲ್ಲ, ಅದರ ಖರ್ಚು ಮಾತ್ರ ತಗುಲಿಸಿದವನದ್ದು.

ಬಿದ್ದದ್ದು ಬಿದ್ದಲ್ಲೇ ಎಂಬುದಕ್ಕೆ ಇಷ್ಟೂ ಆಧಾರವಿಲ್ಲ. ದಾಳ ಉರುಳಿಬಂದು ಸೈನಿಕನನ್ನು ಮೂರು ಇಂಚು ತಳ್ಳಿದರೆ ಅವನು ಮೂರು ಇಂಚು ನಡೆದ ಎಂದು ಯಾವ ಆಟಗಾರನೂ ಒಪ್ಪುವುದಿಲ್ಲ. ವಾರ್‌ಹ್ಯಾಮರ್ 40,000ರ ಎಂಟನೆಯ ಆವೃತ್ತಿಯಲ್ಲಿ ಇದಕ್ಕೆ ಹತ್ತಿರದ ಒಂದು ಸೂಚನೆಯೇ ಇತ್ತು: ಇಳಿಜಾರಿನಲ್ಲೋ ಮುರಿದ ಕಟ್ಟಡದ ತುದಿಯಲ್ಲೋ ಗೊಂಬೆ ನಿಲ್ಲದಿದ್ದರೆ, ಅದರ ನಿಜವಾದ ಜಾಗ ಯಾವುದೆಂದು ಇಬ್ಬರೂ ಒಪ್ಪಿಕೊಂಡು, ಗೊಂಬೆಯನ್ನು ಭದ್ರವಾದ ಕಡೆ ಇಟ್ಟುಕೊಳ್ಳಿ ಎಂದು. ಪ್ಲಾಸ್ಟಿಕ್ ಎಲ್ಲಿ ನಿಂತಿದೆ ಎಂಬುದಕ್ಕಿಂತ ಸೈನಿಕ ಎಲ್ಲಿದ್ದಾನೆ ಎಂದು ಇಬ್ಬರೂ ಒಪ್ಪಿದ್ದಾರೆ ಎಂಬುದೇ ಈ ಆಟದಲ್ಲಿ ಮುಖ್ಯ.

ಎಲ್ಲ ಆಟಗಳಿಗೂ ಇಲ್ಲಿ ಒಂದೇ ನ್ಯಾಯವಿದೆ ಎಂದು ತಿಳಿಯಬೇಡಿ. ಸ್ನೂಕರ್‌ನಲ್ಲಿ ಆಟಗಾರನ ಅಂಗಿ ಚೆಂಡಿಗೆ ತಗುಲಿದರೂ ಫೌಲ್, ಎದುರಾಳಿಗೆ ಕನಿಷ್ಠ 4 ಅಂಕ. ಗಾಲ್ಫ್ ಇದರಲ್ಲಿ ಮನಸ್ಸು ಬದಲಿಸಿಕೊಂಡ ಆಟ. 2016ರ ಯು.ಎಸ್. ಓಪನ್‌ನಲ್ಲಿ ಡಸ್ಟಿನ್ ಜಾನ್ಸನ್ ಅವರ ಚೆಂಡು ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ಮೇಲೆ ತುಸು ಅಲುಗಿದ್ದಕ್ಕೆ ಒಂದು ಹೊಡೆತದ ದಂಡ ಬಿತ್ತು. ಅವರು ಗೆದ್ದರು, ಆದರೆ ಆ ದಂಡದ ಬಗ್ಗೆ ಗಲಾಟೆ ನಿಲ್ಲಲಿಲ್ಲ. ಮುಂದೆ ಗ್ರೀನ್ ಮೇಲೆ ಅಕಸ್ಮಾತ್ ಅಲುಗಿದ ಚೆಂಡಿಗೆ ದಂಡವಿಲ್ಲ, ಇದ್ದಲ್ಲಿಗೆ ಇಟ್ಟರೆ ಸಾಕು ಎಂದಾಯಿತು. 2019ರ ನಿಯಮಾವಳಿಯಲ್ಲಿ ಅದು ಕಾಯಂ ಆಯಿತು. ಹಾಗಾಗಿ ನಿಮ್ಮ ಗುಂಪು ಯಾವ ದಾರಿ ಹಿಡಿದರೂ ಅದು ಅನ್ಯಾಯವಲ್ಲ. ಯಾವ ದಾರಿಯನ್ನೂ ಹಿಡಿಯದೆ ಆಟಕ್ಕೆ ಕೂರುವುದೇ ತೊಂದರೆ.

ಇನ್ನು, ಗೊಂಬೆ ಯುದ್ಧದಾಟದಲ್ಲೇ ಈ ಜಗಳ ಇಷ್ಟು ಹೆಚ್ಚು ಏಕೆ? ಚೆಸ್ ಹಲಗೆಯಲ್ಲಿ 64 ಮನೆಗಳಿವೆ. ಕುದುರೆ ಒಂದು ಮನೆಯಲ್ಲಿದೆ ಅಥವಾ ಇನ್ನೊಂದರಲ್ಲಿದೆ. ಮನೆಯೊಳಗೆ ತುಸು ಓರೆಯಾಗಿದ್ದರೆ ಯಾರಿಗೂ ನಷ್ಟವಿಲ್ಲ. ದೊಡ್ಡ ಸ್ಪರ್ಧೆಗಳಲ್ಲಿ ಇಬ್ಬರೂ ಪ್ರತಿಯೊಂದು ನಡೆಯನ್ನು ಕಾಗದದ ಮೇಲೆ ಬರೆದಿರುತ್ತಾರೆ. ಹಲಗೆಯೇ ಮಗುಚಿದರೂ ಆ ಕಾಗದ ನೋಡಿ ನಾನು ಆಟವನ್ನು ಮತ್ತೆ ಜೋಡಿಸಿಕೊಡಬಲ್ಲೆ. ನಿಮ್ಮ ಮೇಜಿನಲ್ಲಿ ಮನೆಗಳೂ ಇಲ್ಲ, ಬರಹವೂ ಇಲ್ಲ. ಇರುವುದು ಇಂಚುಟೇಪು ಮತ್ತು ಇಬ್ಬರ ನೆನಪು. ಅವೆರಡರಲ್ಲಿ ನೆನಪು ನಮ್ಮ ಲಾಭದ ಕಡೆಗೆ ವಾಲುತ್ತದೆ, ಅದೂ ನಮಗೆ ಗೊತ್ತಿಲ್ಲದ ಹಾಗೆ. ನೀವು ‘ಇಲ್ಲೇ ಇದ್ದದ್ದು’ ಎಂದಾಗ ಸುಳ್ಳು ಹೇಳಲಿಲ್ಲ, ನಿಮ್ಮ ಗೆಳೆಯರು ‘ಅರ್ಧ ಇಂಚು’ ಎಂದಾಗಲೂ ಸುಳ್ಳು ಹೇಳಲಿಲ್ಲ ಎಂದೇ ನನ್ನ ಊಹೆ. ಇಬ್ಬರು ಪ್ರಾಮಾಣಿಕರ ನಡುವೆ ನಡೆಯುವ ಜಗಳವಾದ್ದರಿಂದಲೇ ಇದು ಇಷ್ಟು ಕಹಿಯಾಗುತ್ತದೆ. ಕಳ್ಳನೊಂದಿಗಿನ ಜಗಳ ಬೇಗ ಮುಗಿಯುತ್ತದೆ.

ಈ ಬಗೆಯ ಆಟಗಳ ಹಿರಿಯಜ್ಜ ಎನ್ನಬಹುದಾದ ಪ್ರಷ್ಯಾದ ಸೇನೆಯ ಯುದ್ಧದಾಟಕ್ಕೆ 1824ರಲ್ಲಿ ರೈಸ್‌ವಿಟ್ಸ್ ಎಂಬ ಅಧಿಕಾರಿ ಕೊಟ್ಟ ರೂಪದಲ್ಲಿ ಮಧ್ಯಸ್ಥನೊಬ್ಬ ಕಡ್ಡಾಯವಾಗಿ ಇರುತ್ತಿದ್ದ. ಆಟಗಾರರು ಆಜ್ಞೆ ಬರೆದು ಕೊಡುತ್ತಿದ್ದರು, ನಕ್ಷೆಯ ಮೇಲೆ ತುಂಡುಗಳನ್ನು ಸರಿಸುವುದು ಅವನ ಕೆಲಸವಾಗಿತ್ತು. ಆಮೇಲೆ ಆಟ ಮನರಂಜನೆಯಾಗಿ ಮನೆಮನೆಗೆ ಬಂತು, ಮಧ್ಯಸ್ಥ ಹೊರಗೆ ಹೋದ, ಎರಡೂ ಪಕ್ಷದವರ ಕೈಗಳು ಮೇಜಿನ ಮೇಲೆ ಬಂದವು. 1987ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ನಿಮ್ಮ ಆಟದ ಮೊದಲ ರೂಪಕ್ಕೂ ಮಧ್ಯಸ್ಥ ಬೇಕಿತ್ತು. ಈಗ ನೀವು ಆಡುವ ರೂಪದಲ್ಲಿ ಅವನಿಲ್ಲ. ಅವನು ಮಾಡುತ್ತಿದ್ದ ಕೆಲಸವನ್ನು ಇಬ್ಬರು ಎದುರಾಳಿಗಳು ಸೇರಿ ಮಾಡಬೇಕು.

ಮೇಜಿನ ಅಳತೆಯನ್ನೂ ನೋಡಿ. ದೊಡ್ಡ ಆಟದ ಹಾಸು 60 ಇಂಚು ಉದ್ದ, 44 ಇಂಚು ಅಗಲ. ಅಗಲವೇ ಸುಮಾರು 112 ಸೆಂಟಿಮೀಟರ್. ಯಾರ ಕೈಯೂ ಅಷ್ಟು ಉದ್ದವಿಲ್ಲ, ಹಾಗಾಗಿ ಆಚೆ ತುದಿಯ ದಳವನ್ನು ಅಳೆಯಲು ಮೇಜಿನ ಮೇಲೆ ಬಾಗಲೇಬೇಕು. ಬಾಗಿದಾಗ ತೋಳು, ಹೊಟ್ಟೆ, ಕೊರಳಿನ ಸರ, ಅಂಗಿ ಜೇಬಿನಿಂದ ಜಾರುವ ಮೊಬೈಲ್ ಎಲ್ಲವೂ ಯುದ್ಧಕ್ಕೆ ಇಳಿಯುತ್ತವೆ. ನಾನು ನೋಡಿದ ಬಹುಪಾಲು ಸ್ಥಾನಪಲ್ಲಟಗಳು ಗೊಂಬೆ ಎತ್ತುವ ಕೈಯಿಂದ ಆದವಲ್ಲ. ಅಳೆಯುವ ಕೈಯಿಂದ, ಅದೂ ಬೇರೆ ಯಾವುದೋ ದಳವನ್ನು ಅಳೆಯುವಾಗ ಆದವು. ನಿಮ್ಮದೂ ಹಾಗೆಯೇ.

ಇನ್ನೊಂದು ಸಂಗತಿ. ಕೈ ಮುಂದಕ್ಕೆ ಚಾಚುವಾಗ ತಗುಲಿದರೆ ಗೊಂಬೆ ಶತ್ರುವಿನ ಕಡೆಗೆ ಸರಿಯುತ್ತದೆ, ಹಿಂದೆಗೆಯುವಾಗ ತಗುಲಿದರೆ ನಮ್ಮ ಕಡೆಗೆ. ನಿಮ್ಮದು ಚಾಚುವಾಗ ಆದದ್ದು. ಸರಿದ ಗೊಂಬೆಯನ್ನು ಮತ್ತೆ ಇಡುವಾಗ ಜನ ಸಾಮಾನ್ಯವಾಗಿ ಪೂರ್ತಿ ಹಿಂದಕ್ಕೆ ಇಡುವುದಿಲ್ಲ. ಅದು ಬಿದ್ದ ಜಾಗವೇ ಕಣ್ಣಿನಲ್ಲಿ ಉಳಿದಿರುವುದರಿಂದ ಅಲ್ಲಿಂದ ಒಂದಿಷ್ಟು ಹಿಂದೆ ತಂದು ನಿಲ್ಲಿಸುತ್ತಾರೆ. ತನಗೆ ನಷ್ಟವಾಗುವ ಕಡೆ ಬಿದ್ದಾಗಲೂ ಹೀಗೆಯೇ ಮಾಡುವವರನ್ನು ಕಂಡಿದ್ದೇನೆ, ಆದ್ದರಿಂದ ಇದು ದುರಾಸೆಯಲ್ಲ. ಆದರೆ ನಿಮ್ಮ ಗೆಳೆಯರ ಅನುಮಾನ ಗಾಳಿಯಲ್ಲಿ ಹುಟ್ಟಿದ್ದಲ್ಲ ಎಂಬುದಕ್ಕೆ ಹೇಳಿದೆ.

ಅರ್ಧ ಇಂಚಿಗೆ ಇಷ್ಟು ರಂಪವೇ ಎಂದು ಮನೆಯವರು ಕೇಳಿರಬಹುದು. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್, 27 ಮಿಲಿಮೀಟರ್ ಅಡ್ಡಳತೆಯ ಹತ್ತು ರೂಪಾಯಿ ನಾಣ್ಯದ ಅರ್ಧಕ್ಕಿಂತಲೂ ಕಡಿಮೆ. ಆದರೆ ಲೆಕ್ಕ ನೋಡಿ. ಎರಡು ದಾಳ ಎಸೆದರೆ 36 ಸಾಧ್ಯತೆಗಳು. 9 ಅಥವಾ ಅದಕ್ಕಿಂತ ಹೆಚ್ಚು ಬೀಳುವುದು 10 ಸಲ, 8 ಅಥವಾ ಹೆಚ್ಚು ಬೀಳುವುದು 15 ಸಲ. ಎಂದರೆ ಆ ಅರ್ಧ ಇಂಚು ನಿಮ್ಮ ಅವಕಾಶವನ್ನು ಶೇಕಡಾ 28ರಿಂದ 42ಕ್ಕೆ ಏರಿಸಿತು. ಉಳಿದ 31 ಸಾಧ್ಯತೆಗಳಲ್ಲಿ ಯಾವುದು ಬಿದ್ದಿದ್ದರೂ, ಸೈನಿಕರು ಎಲ್ಲಿ ನಿಂತಿದ್ದರೂ, ಫಲ ಒಂದೇ ಆಗುತ್ತಿತ್ತು. ಸರಿಯಾಗಿ 8 ಬೀಳುವ ಐದರಲ್ಲಿ ಮಾತ್ರ ಆ ಅರ್ಧ ಇಂಚೇ ಆಟವನ್ನು ತೀರ್ಮಾನಿಸುವುದು. ನಿಮಗೆ ಬಿದ್ದದ್ದು ಅದೇ. ನಿಮ್ಮ ಗೆಳೆಯರ ಜಾಗದಲ್ಲಿ ನಾನಿದ್ದರೂ ಚಹಾ ರುಚಿಸುತ್ತಿರಲಿಲ್ಲ.

ಈಗ ಆ ಒಂದೆರಡು ಕ್ಷಣಗಳ ವಿಷಯ. ದಾಳ ಬೀಳುವ ಮುಂಚೆ ಇಬ್ಬರಿಗೂ ಯಾವ ಸಂಖ್ಯೆ ಬರುತ್ತದೆಂದು ಗೊತ್ತಿರುವುದಿಲ್ಲ, ಮಾತು ತಣ್ಣಗೆ ನಡೆಯುತ್ತದೆ. ಬಿದ್ದ ಮೇಲೆ ಎಲ್ಲರಿಗೂ ತಮ್ಮ ಲಾಭ ನಷ್ಟ ಗೊತ್ತು. ಆಮೇಲೆ ಹೇಳುವ ಪ್ರತಿ ಮಾತೂ ಸ್ವಾರ್ಥದಂತೆ ಕೇಳಿಸುತ್ತದೆ, ಸತ್ಯವಾಗಿದ್ದರೂ. ಚೆಸ್ ಇದನ್ನು ಬಹಳ ಕಟ್ಟುನಿಟ್ಟಾಗಿ ಇಟ್ಟಿದೆ: ಎದುರಾಳಿ ಮುಟ್ಟುವ ನಿಯಮ ಮುರಿದ ಎಂದು ದೂರುವುದಿದ್ದರೆ ನೀವು ನಿಮ್ಮ ನಡೆಗೆಂದು ಕಾಯಿ ಮುಟ್ಟುವ ಮೊದಲೇ ದೂರಬೇಕು, ಮುಟ್ಟಿದಿರೋ ಹಕ್ಕು ಹೋಯಿತು. 1994ರಲ್ಲಿ ಸ್ಪೇನಿನ ಲಿನಾರೆಸ್‌ನಲ್ಲಿ ಗ್ಯಾರಿ ಕಾಸ್ಪರೋವ್ ಕುದುರೆಯನ್ನು ಒಂದು ಮನೆಯಲ್ಲಿಟ್ಟು, ಬೆರಳು ಬಿಟ್ಟು, ಮತ್ತೆ ಎತ್ತಿ ಬೇರೆ ಮನೆಗೆ ಇಟ್ಟರು. ಬೆರಳು ಬಿಟ್ಟಿದ್ದು ಸುಮಾರು ಕಾಲು ಸೆಕೆಂಡು ಎಂದು ವಿಡಿಯೊದಲ್ಲಿ ಆಮೇಲೆ ಕಂಡಿತು. ಎದುರಿಗೆ ಕುಳಿತಿದ್ದ ಜುಡಿತ್ ಪೋಲ್ಗಾರ್‌ಗೆ ಆಗ 17 ವರ್ಷ. ವಿಶ್ವ ಚಾಂಪಿಯನ್ನನ ಎದುರು ಆ ಹುಡುಗಿ ಆಗಲೇ ದೂರು ಕೊಡಲಿಲ್ಲ. ಆಟ ಕಾಸ್ಪರೋವ್ ಗೆದ್ದರು. ವಾದ ಇಂದಿಗೂ ಮುಗಿದಿಲ್ಲ.

ನಮ್ಮ ಕಡೆಯ ಜನರಲ್ಲಿ ಆಕ್ಷೇಪ ಎತ್ತುವ ರೀತಿ ಇನ್ನೂ ಮೆತ್ತಗೆ. ‘ಸ್ವಲ್ಪ ಮುಂದಾಯಿತೋ ಏನೋ’ ಎಂಬುದು ಸಂಶಯವಲ್ಲ, ಪೂರ್ಣ ಆಕ್ಷೇಪ. ಅವರು ನಿಮ್ಮ ಮನೆಯಲ್ಲಿ, ನಿಮ್ಮ ಮೇಜಿನ ಎದುರು, ನಿಮ್ಮ ಮಗ ನೋಡುತ್ತಿರುವಾಗ ಆಡುತ್ತಿದ್ದರು. ಕೆಳಗೆ ನಿಮ್ಮ ಮನೆಯವರು ಚಹಾಕ್ಕೆ ಇಟ್ಟಿದ್ದಾರೆ. ಅಂಥಲ್ಲಿ ಅತಿಥಿಯಾದವನು ಅದಕ್ಕಿಂತ ಜೋರಾಗಿ ಹೇಗೆ ಹೇಳಿಯಾನು? ನೀವು ಆಗ ದಾಳವನ್ನು ಕೈಯಲ್ಲೇ ಹಿಡಿದು ‘ಎಲ್ಲಿತ್ತು, ನೀನೇ ಇಡು’ ಎಂದಿದ್ದರೆ ಈ ಪತ್ರ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಮನೆಯ ಯಜಮಾನನಾಗಿ ಆಡುವವನು ಎದುರಿನವನ ‘ಏನೋ’ ಕಿವಿಗೆ ಬಿದ್ದ ಕೂಡಲೇ ಕೈ ನಿಲ್ಲಿಸಬೇಕು.

ಇನ್ನು ಮಗನನ್ನು ಕೇಳಿದ್ದು. ಅದನ್ನು ಮತ್ತೆ ಮಾಡಬೇಡಿ. ಆ ಹುಡುಗ ಅಪ್ಪನ ಮುಖ ನೋಡಿಯೇ ಬೆರಳು ತೋರಿಸಿರುತ್ತಾನೆ. ಅಪ್ಪನ ವಿರುದ್ಧ ತೋರಿಸಿದ್ದರೆ ಅವನಿಗೆ ಕಷ್ಟ, ಪರವಾಗಿ ತೋರಿಸಿದರೆ ಗೆಳೆಯನಿಗೆ ಅದು ಮನೆಮಂದಿಯ ಒಗ್ಗಟ್ಟಿನಂತೆ ಕಾಣುತ್ತದೆ. ಚೆಸ್‌ನಲ್ಲಿ ಪ್ರೇಕ್ಷಕ ಆಟದ ಬಗ್ಗೆ ಬಾಯಿ ತೆರೆಯುವಂತಿಲ್ಲ, ಏನಾದರೂ ತಪ್ಪು ಕಂಡರೆ ಆರ್ಬಿಟರ್‌ಗೆ ಮಾತ್ರ ಹೇಳಬಹುದು. ಆಟದ ಮಣೆಯ ಜಗಳಕ್ಕೆ ಒಡಹುಟ್ಟಿದವರನ್ನು ಸೇರಿಸಿದರೆ ಏನಾಗುತ್ತದೆಂದು ಅಬ್ಬಗ ದಾರಗರ ಕಥೆ ಕೇಳಿ ಬೆಳೆದ ತುಳುನಾಡಿನವರಿಗೆ ನಾನು ಹೇಳಬೇಕಾಗಿಲ್ಲ. ಅವಳಿ ಅಕ್ಕತಂಗಿಯರ ಚೆನ್ನೆಯಾಟ ಕೊನೆಗೆ ಆ ಮಣೆಯಿಂದಲೇ ಹೊಡೆದು ಕೊಲ್ಲುವಲ್ಲಿಗೆ ಮುಟ್ಟಿತು.

ನಿಮ್ಮ ಪ್ರಕರಣದಲ್ಲಿ ಸಾಕ್ಷಿ ಬೇರೆಯೇ ಇತ್ತು, ಮೇಜಿನ ಮೇಲೆಯೇ. ನಿಮ್ಮ ಪತ್ರದ ಒಂದು ಸಾಲು: ದಳ ಗೋಡೆಗೆ ಬೆನ್ನು ತಾಗಿಸಿ ನಿಂತಿತ್ತು, ಪೂರ್ತಿ 6 ಇಂಚು ನೇರ ಮುಂದೆ ತಂದಿದ್ದೆ. ಗೋಡೆ ಸರಿದಿಲ್ಲವಲ್ಲ! ಗೋಡೆಯ ಮುಖದಿಂದ ಸೈನಿಕನ ಬೇಸಿನ (ಕಾಲಡಿಯ ಬಿಲ್ಲೆಯ) ಹಿಂಬದಿಯ ಅಂಚಿಗೆ ಟೇಪು ಹಿಡಿದಿದ್ದರೆ ಸರಿಯಾಗಿ 6 ಇಂಚು ಬರಬೇಕಿತ್ತು. ಆರೂವರೆ ಬಂದರೆ ಗೆಳೆಯರು ಸರಿ, ಆರು ಬಂದರೆ ನೀವು ಸರಿ. ಹತ್ತು ಸೆಕೆಂಡಿನ ಕೆಲಸ. ಇಬ್ಬರೂ ಸೈನಿಕ ಮತ್ತು ಶತ್ರುವಿನ ನಡುವಿನ ಖಾಲಿ ಜಾಗವನ್ನೇ ನೋಡುತ್ತ ನಿಂತಿರಿ, ಬೆನ್ನ ಹಿಂದೆ ಯಾರೂ ನೋಡಲಿಲ್ಲ. ವಿವಾದದಲ್ಲಿ ನನ್ನನ್ನು ಕರೆದಾಗ ನಾನು ಮೊದಲು ಮಾಡುವುದು ಇದನ್ನೇ: ನೆನಪು ಕೇಳುವುದಿಲ್ಲ, ಅಲುಗದ ವಸ್ತು ಯಾವುದಿದೆ ಎಂದು ಕೇಳುತ್ತೇನೆ. ಗೋಡೆ, ಮೇಜಿನ ಅಂಚು, ಸರಿಯದೆ ಉಳಿದ ಅದೇ ದಳದ ಮೂವರು. ಹಿಂದೆ ಆಡಿದ ಮಾತೂ ಅಂಥ ಸಾಕ್ಷಿಯೇ. ‘ಇವರನ್ನು ನಿನ್ನ ಫಿರಂಗಿಗೆ ಕಾಣದ ಹಾಗೆ ಮರೆಯಲ್ಲಿ ಇಡುತ್ತಿದ್ದೇನೆ’ ಎಂದು ಆಟಗಾರ ಮೊದಲೇ ಹೇಳಿದ್ದರೆ, ಸರಿದ ಮೇಲೆ ಅವರು ಮರೆಯಲ್ಲೇ ಇರಬೇಕು. ಅದಕ್ಕಾಗಿ ಉದ್ದೇಶವನ್ನು ಬಾಯಿಬಿಟ್ಟು ಹೇಳುತ್ತ ಆಡುವವರ ಮೇಜಿಗೆ ನನ್ನನ್ನು ಕರೆಯುವುದು ಅಪರೂಪ.

ಅಳೆದು ನೋಡಲು ಏನೂ ಸಿಗದಿದ್ದರೆ? ದಾರಿಗಳಿವೆ, ಎಲ್ಲಕ್ಕೂ ಒಂದೊಂದು ತೊಡಕು. ಜನಪ್ರಿಯವಾದದ್ದು ಇಬ್ಬರ ಮಾತಿನ ನಡುವಿನ ಬಿಂದು. ಕೇಳಲು ನ್ಯಾಯವಾಗಿ ಕಾಣುತ್ತದೆ, ನನಗೆ ಹಿಡಿಸುವುದಿಲ್ಲ. ನಡುವಿನ ಬಿಂದು ಎಂದು ಗೊತ್ತಾದರೆ ಮುಂದಿನ ಸಲ ಅರ್ಧ ಇಂಚು ಎನ್ನುವವನು ಒಂದು ಇಂಚು ಎನ್ನುತ್ತಾನೆ. ಉಳ್ಳದ್ದನ್ನು ಉಳ್ಳಂತೆ ಹೇಳಿದವನಿಗೆ ನಷ್ಟ. ಇನ್ನೊಂದು, ದಾಳ ಎಸೆದು 1, 2, 3 ಬಂದರೆ ನಿನ್ನ ಮಾತು, 4, 5, 6 ಬಂದರೆ ನನ್ನದು ಎನ್ನುವುದು. ನಿಮ್ಮ ಆಟದ ಹಳೆಯ ನಿಯಮಪುಸ್ತಕಗಳೇ ವಾದ ಬಿದ್ದರೆ ಹೀಗೆ ಮುಗಿಸಿಕೊಳ್ಳಿ ಎನ್ನುತ್ತಿದ್ದವು. ಬೇಗ ಮುಗಿಯುತ್ತದೆ, ಯಾರೂ ಸಣ್ಣವರಾಗುವುದಿಲ್ಲ. ಆದರೆ ಅಳೆದು ತಿಳಿಯಬಹುದಾದದ್ದನ್ನೂ ದಾಳಕ್ಕೆ ಬಿಡುವ ಸೋಮಾರಿತನ ಬೆಳೆಯುತ್ತದೆ.

ನಾನು ಹೇಳುವ ದಾರಿ, ಸರಿಸಿದವನು ಕೈ ಹಿಂದೆಗೆದು ಎದುರಾಳಿಗೇ ಇಡಲು ಹೇಳುವುದು. ಅನುಮಾನದ ಭಾರ ಕೈ ತಗುಲಿಸಿದವನ ಮೇಲೆ. ಇದು ಶಿಕ್ಷೆಯಲ್ಲ; ಆ ಸ್ಥಾನಪಲ್ಲಟವನ್ನು ತಪ್ಪಿಸಬಹುದಾಗಿದ್ದವನು ಅವನೊಬ್ಬನೇ, ಮತ್ತು ಎಡವಟ್ಟಿನಿಂದ ಯಾರಿಗೂ ಲಾಭವಾಗಬಾರದು. ಎದುರಾಳಿ ಅದರ ದುರುಪಯೋಗ ಮಾಡಿ ಎರಡು ಇಂಚು ಹಿಂದೆ ಇಟ್ಟರೆ ಏನು ಎಂದು ಎಲ್ಲರೂ ಕೇಳುತ್ತಾರೆ. ಮಾಡುವವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ನಂಬಿ ಕೈಗೆ ಕೊಟ್ಟಾಗ ಬಹುತೇಕ ಮಂದಿ ಗೊಂಬೆಯನ್ನು ತುಸು ಉದಾರವಾಗಿಯೇ ಇಡುತ್ತಾರೆ. ಎಷ್ಟೋ ಸಲ ‘ಇರಲಿ ಬಿಡು, ನೀನು ಇಟ್ಟದ್ದೇ ಸರಿ’ ಎಂದು ಮುಟ್ಟದೆ ಬಿಡುತ್ತಾರೆ. ಇನ್ನೂ ಭಯವಿದ್ದರೆ ಒಂದು ಮಿತಿ ಹಾಕಿಕೊಳ್ಳಿ: ಒಂದು ಬೇಸಿನ ಅಗಲಕ್ಕಿಂತ ಹೆಚ್ಚಿನ ಭಿನ್ನಾಭಿಪ್ರಾಯವಾದರೆ ಮೂರನೆಯವರನ್ನು ಕರೆಯುವುದು ಎಂದು.

ಮೊಬೈಲಿನಲ್ಲಿ ಪ್ರತಿ ಸರದಿಗೆ ಫೋಟೊ ತೆಗೆದುಕೊಂಡರಾಗದೇ ಎಂದು ಕೇಳುವವರಿದ್ದಾರೆ. ದೊಡ್ಡ ಪಲ್ಲಟಕ್ಕೆ, ಮೇಜಿಗೆ ಯಾರೋ ಢಿಕ್ಕಿ ಹೊಡೆದು ಅರ್ಧ ಸೈನ್ಯ ಮಗುಚಿದರೆ, ಅದು ಉಪಕಾರಿ. ಅರ್ಧ ಇಂಚಿನ ವಾದಕ್ಕೆ ನಿರುಪಯೋಗಿ: ಓರೆಯಿಂದ ತೆಗೆದ ಚಿತ್ರದಲ್ಲಿ ದೂರ ಸುಳ್ಳಾಗುತ್ತದೆ, ವಾದ ಮೇಜಿನಿಂದ ಪರದೆಗೆ ವರ್ಗವಾಗುತ್ತದೆ ಅಷ್ಟೆ. ಮೇಲಾಗಿ ಪ್ರತಿ ಸಲ ಫೋಟೊ ತೆಗೆದರೆ ಎದುರಿನವನಿಗೆ ಪೊಲೀಸ್ ಠಾಣೆಯಲ್ಲಿ ಕುಳಿತಂತಾಗುತ್ತದೆ.

ಪದೇ ಪದೇ ತಗುಲಿಸುವವರ ವಿಷಯವೇ ಬೇರೆ. ಅಂಥವರ ಬಗ್ಗೆ ನಾನು ಎಷ್ಟು ಸಲ ಎಂದು ಎಣಿಸುವುದಿಲ್ಲ, ಎತ್ತ ಎಂದು ನೋಡುತ್ತೇನೆ. ನಿಜವಾದ ಅಕಸ್ಮಾತ್ತಿಗೆ ದಿಕ್ಕಿಲ್ಲ. ಒಮ್ಮೆ ಲಾಭ, ಒಮ್ಮೆ ನಷ್ಟ. ಎಲ್ಲವೂ ಮುಂದಕ್ಕೇ ಸರಿಯುತ್ತಿದ್ದರೆ ಕಣ್ಣಿಡಬೇಕು. ಹಾಗೆಯೇ ಇಪ್ಪತ್ತು ಸೈನಿಕರ ಗುಂಪನ್ನು ನಡೆಸುವಾಗ ಮುಂದಿನ ಐವರನ್ನು ಅಳೆದು ಉಳಿದವರನ್ನು ಅಂಗೈಯಿಂದ ಗುಡಿಸಿ ತರುವುದು, ಬೇಸಿನ ಮುಂಬದಿಯಿಂದ ಅಳೆದು ಹಿಂಬದಿಯನ್ನು ಆ ಗುರುತಿಗೆ ಇಡುವುದು, ಇವುಗಳ ಮೇಲೂ ಕಣ್ಣಿಡಬೇಕು. 32 ಮಿಲಿಮೀಟರ್ ಬೇಸ್ ಆದರೆ ಈ ಎರಡನೆಯದರಿಂದ ಒಂದೂಕಾಲು ಇಂಚು ಪುಕ್ಕಟೆ. ಹೊಸಬರು ತಿಳಿಯದೆ ಮಾಡುತ್ತಾರೆ, ಹೇಳಿಕೊಟ್ಟರೆ ತಿದ್ದಿಕೊಳ್ಳುತ್ತಾರೆ. ಹೇಳಿದ ಮೇಲೂ ಬಿಡದವರ ಜೊತೆ ಆಡದಿರುವುದೇ ಲೇಸು.

ಗೆಲುವು ಬಿಟ್ಟುಕೊಡುವ ಮಾತು. ಬೇಡ. ಮುಗಿದ ಆಟದ ಫಲಿತಾಂಶವನ್ನು ಈಗ ತಿರುಗಿಸಿದರೆ ಮೋಸ ಒಪ್ಪಿಕೊಂಡಂತೆ ಕೇಳಿಸುತ್ತದೆ, ಗೆಳೆಯರಿಗೂ ಅದು ಭಿಕ್ಷೆಯಂತೆ ತೋರಬಹುದು. ವಾಟ್ಸಾಪಿನಲ್ಲಿ ಉದ್ದದ ಸಮಜಾಯಿಷಿಯನ್ನೂ ಕಳಿಸಬೇಡಿ. ಅವರ ಮನೆಗೇ ಹೋಗಿ. ಈ ಸಲ ನೀವು ಅತಿಥಿಯಾಗಿ. ‘ನೀನು ಹೇಳಿದಾಗಲೇ ನಾನು ನಿಲ್ಲಿಸಬೇಕಿತ್ತು’ ಎಂಬಷ್ಟು ಸಾಕು. ಅರ್ಧ ಇಂಚು ಯಾರದ್ದು ಎಂಬ ಮಾತೇ ಬೇಡ, ಅದು ಇನ್ನು ಯಾರಿಗೂ ತಿಳಿಯುವಂತಿಲ್ಲ. ಗೋಡೆಯಿಂದ ಅಳೆಯುವ ಉಪಾಯ ಹೇಳಿ, ಅದರಲ್ಲಿ ಅವರಿಗೆ ನಗು ಬಂದರೆ ಅರ್ಧ ಕೆಲಸವಾಯಿತು. ಸ್ಪರ್ಧೆಯ ಸ್ಥಳೀಯ ನಿಯಮಗಳನ್ನು ಬರೆಯುವ ಕೆಲಸವನ್ನು ಅವರಿಗೇ ಒಪ್ಪಿಸಿ. ನೊಂದವನು ಬರೆದ ನಿಯಮದಲ್ಲಿ ಸಂದುಗಳು ಕಡಿಮೆ ಇರುತ್ತವೆ.

ಸ್ಪರ್ಧೆಗೆ ಕೆಲವು ವ್ಯವಹಾರದ ಮಾತುಗಳು. ನಯವಾದ ಪ್ಲೈವುಡ್ ಅಥವಾ ಲ್ಯಾಮಿನೇಟ್ ಮೇಲೆ ಗೊಂಬೆ ಜಾರುತ್ತದೆ. ಮೌಸ್ ಪ್ಯಾಡ್‌ನಂಥ ರಬ್ಬರ್ ತಳದ ಹಾಸು ಹಾಕಿದರೆ ಸಣ್ಣಪುಟ್ಟ ತಗುಲುವಿಕೆಗೆ ಜಗ್ಗುವುದಿಲ್ಲ. ಹಗುರವಾದ ಪ್ಲಾಸ್ಟಿಕ್ ಬೇಸಿನ ಅಡಿಗೆ ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ವಾಷರ್ ಅಂಟಿಸಿ. ನಮ್ಮ ಕಡೆಯ ತೇವದ ಹವೆಯಲ್ಲಿ ಸೂಪರ್ ಗ್ಲೂ ಬಹಳ ಬೇಗ ಹಿಡಿಯುತ್ತದೆ, ಸುತ್ತ ಬಿಳಿ ಪೊರೆಯನ್ನೂ ಬಿಡುತ್ತದೆ, ಆದ್ದರಿಂದ ಒಂದು ಹನಿ ಸಾಕು. ಸರ್ರನೆ ಹಿಂದಕ್ಕೆ ಎಳೆದುಕೊಳ್ಳುವ ಬಡಗಿಯ ಸ್ಪ್ರಿಂಗ್ ಟೇಪನ್ನು ದೂರದ ಅಳತೆಗೆ ಮಾತ್ರ ಇಟ್ಟುಕೊಂಡು, ಉಳಿದದ್ದಕ್ಕೆ ಗಟ್ಟಿ ಪಟ್ಟಿಗಳನ್ನು ಕತ್ತರಿಸಿಕೊಳ್ಳಿ. ಶಾಲೆ ಮಕ್ಕಳ ಸ್ಕೇಲೂ ಆಗುತ್ತದೆ, ಆದರೆ ಇಂಚಿನ ಬದಿಯನ್ನೇ ಹಿಡಿಯಬೇಕು; 15 ಸೆಂಟಿಮೀಟರ್ ಎಂದರೆ 6 ಇಂಚಿಗೆ ಸುಮಾರು ಎರಡೂವರೆ ಮಿಲಿಮೀಟರ್ ಕಡಿಮೆ. ದಾಳವನ್ನು ಹಾಸಿನ ಮೇಲೆ ಉರುಳಿಸದೆ ಬದಿಯಲ್ಲಿಟ್ಟ ತಟ್ಟೆಯಲ್ಲಿ ಎಸೆಯಲಿ. ಉದ್ದ ತೋಳಿನ ಅಂಗಿಯವರು ಮಡಚಿಕೊಳ್ಳಲಿ. ಆಚೆ ತುದಿಯ ಅಳತೆಯನ್ನು ಆ ಬದಿಗೆ ನಡೆದು ಹೋಗಿ ತೆಗೆಯಬೇಕು, ಇಲ್ಲವೇ ಎದುರಾಳಿಯನ್ನೇ ಅಳೆಯಲು ಕೇಳಬೇಕು.

ಎಂಟು ಮಂದಿಯ ಸ್ಪರ್ಧೆಗೆ ಒಬ್ಬ ತೀರ್ಪುಗಾರ ಸಾಕು, ಆತ ಆಡುವವನಾಗಿರಬಾರದು. ಭಾವನವರು ರಜೆಗೆ ಬಂದಿದ್ದರೂ ಅವರನ್ನು ಕೂರಿಸಬೇಡಿ. ಮುಟ್ಟಿದ್ದಕ್ಕೆಲ್ಲ ನಡೆಸು ಎಂದಾರು. ಆಟ ಗೊತ್ತಿಲ್ಲದಿದ್ದರೂ ಅಳೆಯುವ ತಾಳ್ಮೆ ಇರುವ ಯಾರಾದರೂ ಆಗಬಹುದು, ಊರಿನ ಸರ್ವೇಯರ್ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದಿಲ್ಲ. ದೀಪಾವಳಿಯ ಹೊತ್ತಿಗೆ ತುಲಾ ಮಳೆಯ ಗುಡುಗು ಸಂಜೆ ಹೊತ್ತು ಗ್ಯಾರಂಟಿ, ಕರೆಂಟು ಹೋಗುವುದೂ ಗ್ಯಾರಂಟಿ. ಕತ್ತಲಾದ ಕೂಡಲೇ ಇಬ್ಬರೂ ಕೈ ಎತ್ತಿ ಮೇಜಿನಿಂದ ಎರಡು ಹೆಜ್ಜೆ ಹಿಂದೆ ಸರಿಯಬೇಕು, ತೀರ್ಪುಗಾರ ದೀಪ ತಂದು ‘ಆಡಿ’ ಎನ್ನುವ ತನಕ ಯಾರೂ ಹತ್ತಿರ ಬರಬಾರದು ಎಂಬುದನ್ನೂ ನಿಯಮದಲ್ಲಿ ಸೇರಿಸಿ. ಯುವಕ ಮಂಡಲದ ಎಮರ್ಜೆನ್ಸಿ ದೀಪಕ್ಕೆ ಚಾರ್ಜ್ ಇದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ.